ಆಡಳಿತಾಧಿಕಾರಿ ಯಾರ ಮನುಷ್ಯ?

ಕಾರ್ಪೊರೇಟರುಗಳ ಕಾಟ ತಪ್ಪಿದ್ದೇ ಬೆಂಗಳೂರಿಗೆ ಒಳ್ಳೆಯದಾಯಿತು ಎನ್ನುವವರು ಈ ಊರಿನ ಉತ್ತರ ಭಾಗದಲ್ಲಿ ಕಡಿಮೆಯೇನಿಲ್ಲ. ಯಲಹಂಕ ಉಪನಗರದ ನಿವಾಸಿಗಳ ಸಂಘಗಳಲ್ಲಿ, ಆರ್.ಟಿ. ನಗರದ ಹಳೆಯ ಮನೆಗಳ ಜಗಲಿಗಳಲ್ಲಿ, ಹೆಬ್ಬಾಳದ ಮೇಲ್ಸೇತುವೆಯ ಆಚೀಚೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಇದು ಹೆಚ್ಚುಕಡಿಮೆ ತೀರ್ಮಾನವಾಗಿಹೋದ ವಿಷಯ. ಕಾರ್ಪೊರೇಟರ್ ಎಂದರೆ ಕಮಿಷನ್ನು, ಫ್ಲೆಕ್ಸು, ಹಿಂಬಾಲಕರ ದಂಡು. ಐಎಎಸ್ ಅಧಿಕಾರಿ ಎಂದರೆ ಓದಿದವರು, ಪಕ್ಷವಿಲ್ಲದವರು, ಓಟಿನ ಹಂಗಿಲ್ಲದವರು. ಹಾಗಿರುವಾಗ ಪಾಲಿಕೆ ಚುನಾವಣೆ ತಡವಾದರೆ ಯಾರಿಗೆ ನಷ್ಟ, ಆಡಳಿತಾಧಿಕಾರಿ ಇದ್ದಾರಲ್ಲ ಎಂಬುದು ವಾದ. ಬೇಸರದಲ್ಲಿ ಆಡಿದ ಮಾತಾಗಿದ್ದರೆ ಕೇಳಿಸಿಕೊಂಡು ಸುಮ್ಮನಿರಬಹುದಿತ್ತು. ಆದರೆ ಒಂದು ಕೋಟಿಗೂ ಹೆಚ್ಚು ಜನರ ನಗರವನ್ನು ಕೌನ್ಸಿಲ್‌ನ ಒಂದು ಪೂರ್ಣಾವಧಿಯಷ್ಟು ಕಾಲ ಚುನಾವಣೆಯಿಲ್ಲದೆ ಇಟ್ಟುಕೊಳ್ಳಲು ಎರಡು ಬೇರೆ ಬೇರೆ ಪಕ್ಷಗಳ ಸರ್ಕಾರಗಳಿಗೆ ಧೈರ್ಯ ಬಂದದ್ದು ಇದೇ ನಂಬಿಕೆಯಿಂದ. ಆದ್ದರಿಂದ ಈ ನಂಬಿಕೆಯನ್ನು ಅದರ ಅತ್ಯಂತ ಗಟ್ಟಿಯಾದ ರೂಪದಲ್ಲೇ ಎತ್ತಿಕೊಂಡು ನೋಡಬೇಕು. ನನ್ನ ತಕರಾರು ಇಷ್ಟು: ಆಡಳಿತಾಧಿಕಾರಿ ಪಕ್ಷಾತೀತರಲ್ಲ. ಅವರು ತಮ್ಮನ್ನು ನೇಮಿಸಿದ, ಯಾವ ಗಳಿಗೆಯಲ್ಲಾದರೂ ಎತ್ತಂಗಡಿ ಮಾಡಬಲ್ಲ ಸರ್ಕಾರದ ಮನುಷ್ಯ. ಕೌನ್ಸಿಲನ್ನು ತೆಗೆದುಹಾಕಿದರೆ ಪಾಲಿಕೆಯಿಂದ ರಾಜಕೀಯ ಹೊರಟುಹೋಗುವುದಿಲ್ಲ, ನಮ್ಮ ಕೈಗೆ ಸಿಗದಷ್ಟು ಮೇಲಕ್ಕೆ ಹೋಗಿ ಕೂರುತ್ತದೆ. ಇದರಲ್ಲಿ ವ್ಯಕ್ತಿಗಳ ಪ್ರಾಮಾಣಿಕತೆಯ ಪ್ರಶ್ನೆಯೇ ಇಲ್ಲ. ಆ ಕುರ್ಚಿಯಲ್ಲಿ ಕೂತವರಲ್ಲಿ ಸಮರ್ಥರಿದ್ದರು. ಕುರ್ಚಿಯನ್ನು ಮಾಡಿರುವ ರೀತಿಯೇ ಹಾಗಿದೆ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾತಕವನ್ನು ಒಮ್ಮೆ ನೋಡಿದರೆ ಸಾಕು. ಹಳೆಯ ಬೆಂಗಳೂರು ಮಹಾನಗರ ಪಾಲಿಕೆಯ ಕೌನ್ಸಿಲ್ ಅವಧಿ 2006ರ ನವೆಂಬರಿನಲ್ಲಿ ಮುಗಿಯಿತು. ಮರುವರ್ಷದ ಜನವರಿಯಲ್ಲಿ, ಚುನಾಯಿತ ಸದಸ್ಯನೊಬ್ಬನೂ ಇಲ್ಲದ ಹೊತ್ತಿನಲ್ಲಿ, ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಮಹದೇವಪುರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಲಾಯಿತು. ನಾಡಪ್ರಭುಗಳ ಮೂಲ ನೆಲೆಯಾದ ಯಲಹಂಕಕ್ಕೆ ತನ್ನದೇ ನಗರಸಭೆಯಿತ್ತು, ತನ್ನದೇ ಅಧ್ಯಕ್ಷರಿದ್ದರು. ಅದು ಹೋದ ಮೇಲೆ ಆ ಊರಿನವರು ತಮ್ಮದೆನ್ನಬಹುದಾದ ಒಬ್ಬ ಸದಸ್ಯನನ್ನು ಆರಿಸಲು 2010ರ ಮಾರ್ಚ್ 28ರವರೆಗೆ ಕಾಯಬೇಕಾಯಿತು. ಆ ಕೌನ್ಸಿಲ್ ತನ್ನ ಅವಧಿ ಮುಗಿಸಲು ಕೆಲವೇ ದಿನ ಬಾಕಿಯಿದ್ದಾಗ, 2015ರ ಏಪ್ರಿಲಿನಲ್ಲಿ, ಸರ್ಕಾರ ಅದನ್ನು ವಿಸರ್ಜಿಸಿ ಆಡಳಿತಾಧಿಕಾರಿಯನ್ನು ಕೂರಿಸಿತು. ಪಾಲಿಕೆಯನ್ನು ಒಡೆಯುವ ಮಸೂದೆಯೂ ಜೊತೆಗೇ ಬಂತು. ನ್ಯಾಯಾಲಯ ಬೆನ್ನು ಹತ್ತಿದ್ದರಿಂದ ಆ ಆಗಸ್ಟ್ 22ಕ್ಕೆ ಮತದಾನವಾಯಿತು. ಆಗ ಬಂದ ಕೌನ್ಸಿಲ್ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಅಷ್ಟೇ, ಮುಂದೆ ಚುನಾವಣೆಯೇ ಇಲ್ಲ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಹದಿನೆಂಟೂವರೆ ವರ್ಷ ಬದುಕಿದ ಸಂಸ್ಥೆಯಲ್ಲಿ ಜನ ಆರಿಸಿದವರು ಕೂತದ್ದು ಹತ್ತೇ ವರ್ಷ. ಅದು ಹುಟ್ಟಿದ್ದೂ ಅಧಿಕಾರಿಗಳ ಕೈಯಲ್ಲಿ, ತೀರಿಕೊಂಡದ್ದೂ ಅಧಿಕಾರಿಗಳ ಕೈಯಲ್ಲಿ.

ಇಷ್ಟು ಕಾಲದ ಗೈರುಹಾಜರಿಗೆ ಕೊಟ್ಟ ಕಾರಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಪುರಸಭೆ, ಪಾಲಿಕೆಗಳ ಅವಧಿ ಐದು ವರ್ಷ, ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ಣವಾಗಬೇಕು, ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಆಗಬೇಕು ಎಂದು 243ಯು ವಿಧಿ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ನೆಪಗಳಿಲ್ಲ ಎಂದು ಹೇಳಿತು. ಬೆಂಗಳೂರಿನಲ್ಲಿ ನಡೆದದ್ದೇನು? 198 ವಾರ್ಡುಗಳಿಗೆ ಚುನಾವಣೆ ನಡೆಸಿ ಎಂದು 2020ರ ಡಿಸೆಂಬರ್ 4ರಂದು ಹೈಕೋರ್ಟ್ ಹೇಳಿತು. ಅಷ್ಟರಲ್ಲಿ ವಾರ್ಡುಗಳನ್ನು 243ಕ್ಕೆ ಏರಿಸುವ ಕಾನೂನು ಬಂದಿತ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದಿತು. 2022ರಲ್ಲಿ ಮರುವಿಂಗಡಣೆ ಮುಗಿದಾಗ ಮೀಸಲಾತಿ ಪಟ್ಟಿ ವಿವಾದಕ್ಕೆ ಬಿತ್ತು, ಹೈಕೋರ್ಟ್ ಅದನ್ನು ರದ್ದುಮಾಡಿ ವರ್ಷದ ಕೊನೆಯೊಳಗೆ ಚುನಾವಣೆ ಮುಗಿಸಲು ಹೇಳಿತು. ವರ್ಷ ಮುಗಿಯಿತು. 2023ರಲ್ಲಿ ಸರ್ಕಾರ ಬದಲಾಯಿತು, 243 ಇದ್ದದ್ದು 225 ಆಯಿತು. ಆಮೇಲೆ ಪಾಲಿಕೆಯನ್ನೇ ಒಡೆಯೋಣ ಎಂದಾಯಿತು, ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂತು, ಐದು ಪಾಲಿಕೆಗಳಿಗೆ ಸೇರಿ 369 ವಾರ್ಡು, ಅದರಲ್ಲಿ ಉತ್ತರ ಪಾಲಿಕೆಗೆ 72. ಬಿಜೆಪಿಯವರು ವಾರ್ಡು ಹೆಚ್ಚಿಸಿದರು, ಕಾಂಗ್ರೆಸ್ಸಿನವರು ಮೊದಲು ಇಳಿಸಿ ಆಮೇಲೆ ಹೆಚ್ಚಿಸಿದರು. ಪ್ರತಿಯೊಂದು ಕಾರಣವೂ ಬಿಡಿಯಾಗಿ ನೋಡಿದರೆ ಸಮಂಜಸವಾಗಿಯೇ ಇದೆ. ಊರು ಬೆಳೆದಿದೆ, ವಾರ್ಡು ಹೆಚ್ಚಬೇಕು, ನಿಜ. ಮೀಸಲಾತಿ ಸರಿಯಿರಬೇಕು, ಅದೂ ನಿಜ. ಆದರೆ ಎರಡು ವಿರೋಧಿ ಪಕ್ಷಗಳು ಇಷ್ಟು ಭಿನ್ನವಾದ ಕಾರಣಗಳಿಂದ ಹೊರಟು ಒಂದೇ ಫಲಿತಾಂಶಕ್ಕೆ ಬಂದು ನಿಂತರೆ, ಆ ಫಲಿತಾಂಶ ಇಬ್ಬರಿಗೂ ಬೇಕಾಗಿತ್ತು ಎಂದು ತಿಳಿಯಬೇಕು.

ಏಕೆ ಬೇಕಾಗಿತ್ತು ಎನ್ನುವುದಕ್ಕೆ ಆಡಳಿತಾಧಿಕಾರಿಯ ಕುರ್ಚಿಯಲ್ಲಿ ಯಾರು ಕೂತರು ಎಂದು ನೋಡಬೇಕು. ಕಾನೂನಿನ ಲೆಕ್ಕದಲ್ಲಿ ಆಡಳಿತಾಧಿಕಾರಿ ಎಂದರೆ ಇಡೀ ಕೌನ್ಸಿಲ್. 198 ಜನ ಚರ್ಚಿಸಿ ಮಾಡಬೇಕಾದ ನಿರ್ಣಯ ಅವರೊಬ್ಬರ ಸಹಿಯಲ್ಲಿ ಆಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಆ ಹುದ್ದೆಗೆ ಬಂದ ಗೌರವ್ ಗುಪ್ತ 2021ರ ವಸಂತದ ಹೊತ್ತಿಗೆ ಅದೇ ಪಾಲಿಕೆಯ ಮುಖ್ಯ ಆಯುಕ್ತರಾದರು. ಅಂದರೆ ನಿರ್ಣಯಿಸುವ ಕುರ್ಚಿಯಿಂದ ಎದ್ದು ಜಾರಿಮಾಡುವ ಕುರ್ಚಿಗೆ ಬಂದರು. ಅವರ ನಂತರ ಆಡಳಿತಾಧಿಕಾರಿಯಾದ ರಾಕೇಶ್ ಸಿಂಗ್ ಅದೇ ಕಾಲಕ್ಕೆ ನಗರಾಭಿವೃದ್ಧಿ ಇಲಾಖೆಯ ಅಪರ ಮುಖ್ಯ ಕಾರ್ಯದರ್ಶಿ. ಮೂರು ವರ್ಷ ಮುಖ್ಯ ಆಯುಕ್ತರಾಗಿದ್ದ ತುಷಾರ್ ಗಿರಿನಾಥ್ 2025ರಲ್ಲಿ ಆಡಳಿತಾಧಿಕಾರಿಯಾದರು, ಅವರ ಕೈಯಲ್ಲೂ ನಗರಾಭಿವೃದ್ಧಿ ಇಲಾಖೆ. ಈ ವ್ಯವಸ್ಥೆಯ ಅರ್ಥವನ್ನು ಕಡತವೊಂದರ ದಾರಿ ಹಿಡಿದು ಹೋಗಿ ತಿಳಿಯಬಹುದು. ಪಾಲಿಕೆಯ ಪ್ರಸ್ತಾವ ಕೌನ್ಸಿಲ್ ಒಪ್ಪಿಗೆಗೆಂದು ಆಡಳಿತಾಧಿಕಾರಿಯ ಮುಂದೆ ಹೋಗುತ್ತದೆ. ಅವರು ಒಪ್ಪಿ ಸರ್ಕಾರದ ಮಂಜೂರಾತಿಗೆ ಕಳಿಸುತ್ತಾರೆ. ಸರ್ಕಾರ ಎಂದರೆ ನಗರಾಭಿವೃದ್ಧಿ ಇಲಾಖೆ. ಆ ಇಲಾಖೆಯ ಮೇಜಿನ ಹಿಂದೆಯೂ ಅವರೇ ಕೂತಿದ್ದಾರೆ. ಕೇಳುವವರೂ ಅವರು, ಕೊಡುವವರೂ ಅವರು. ಇಲಾಖೆಗೆ ಒಬ್ಬ ಮಂತ್ರಿ ಇದ್ದಾರೆ, ಮಂತ್ರಿಗೆ ಒಂದು ಪಕ್ಷ ಇದೆ, ಅಧಿಕಾರಿಯ ಮುಂದಿನ ಹುದ್ದೆ ಯಾವುದೆಂಬ ತೀರ್ಮಾನ ಅಲ್ಲೇ ಆಗುತ್ತದೆ. ಇದನ್ನು ಪಕ್ಷಾತೀತ ಆಡಳಿತ ಎಂದು ಕರೆಯುವುದು ಹೇಗೆ? ಕಾರ್ಪೊರೇಟರ್ ತನ್ನ ಪಕ್ಷದ ಮಾತು ಕೇಳುತ್ತಾನೆ ಎಂಬುದು ನಮ್ಮ ದೂರಾದರೆ, ಆತನ ಎದುರು ಬೆಂಚಿನಲ್ಲಿ ಬೇರೆ ಪಕ್ಷದವನೊಬ್ಬ ಕೂತು ಮೇಜು ಗುದ್ದುತ್ತಿದ್ದ ಎನ್ನುವುದನ್ನೂ ನೆನೆಯಬೇಕು. ಆಡಳಿತಾಧಿಕಾರಿಯ ಎದುರು ಬೆಂಚೇ ಇರುವುದಿಲ್ಲ.

ಬಜೆಟ್ಟಿನ ಗತಿ ಏನಾಯಿತು ಎನ್ನುವುದು ಇದರ ಸ್ಪಷ್ಟ ನಿದರ್ಶನ. ಕೌನ್ಸಿಲ್ ಇದ್ದಾಗ ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು ಬಜೆಟ್ ಓದುತ್ತಿದ್ದರು, ದಿನಗಟ್ಟಲೆ ಚರ್ಚೆಯಾಗುತ್ತಿತ್ತು, ಗದ್ದಲವೂ ಆಗುತ್ತಿತ್ತು. ಆ ಗದ್ದಲದಲ್ಲಿ ಯಾವ ವಾರ್ಡಿಗೆ ಎಷ್ಟು ಎಂಬುದು ಪತ್ರಿಕೆಗಳಿಗೂ ನಮಗೂ ತಿಳಿಯುತ್ತಿತ್ತು. 2022ರಲ್ಲಿ ಹತ್ತು ಸಾವಿರ ಕೋಟಿ ರೂಪಾಯಿ ಮೀರಿದ ಬಜೆಟ್ಟನ್ನು ಆರ್ಥಿಕ ವರ್ಷದ ಕೊನೆಯ ರಾತ್ರಿ, ಮಾರ್ಚ್ 31ರಂದು, ಊರು ಮಲಗಿದ ಮೇಲೆ ಅಂತರ್ಜಾಲಕ್ಕೆ ಏರಿಸಲಾಯಿತು. ಓದಿದವರಿಲ್ಲ, ಪ್ರಶ್ನಿಸಿದವರಿಲ್ಲ. 2025-26ರ ಹೊತ್ತಿಗೆ ಬಜೆಟ್ಟಿನ ಗಾತ್ರ ಇಪ್ಪತ್ತು ಸಾವಿರ ಕೋಟಿಯ ಹತ್ತಿರಕ್ಕೆ ಬಂತು. ಅದಕ್ಕೂ ಕೌನ್ಸಿಲ್ ಚರ್ಚೆ ಇಲ್ಲ. ಹಣ ಎಲ್ಲಿ ಹರಿಯಬೇಕು ಎಂಬ ಜಗಳ ಮಾತ್ರ ನಿಲ್ಲಲಿಲ್ಲ. ಅದು ಕಾರ್ಪೊರೇಟರುಗಳ ಕೈಬಿಟ್ಟು ನಗರದ 28 ಶಾಸಕರ ಕೈಗೆ ಹೋಯಿತು. ಅನುದಾನ ವಿಧಾನಸಭಾ ಕ್ಷೇತ್ರವಾರು ಹಂಚಿಕೆಯಾಗತೊಡಗಿತು, ಯಾವ ಪಕ್ಷದ ಶಾಸಕನಿಗೆ ಹೆಚ್ಚು ಎಂಬ ತಾರತಮ್ಯದ ಆರೋಪ ಎರಡೂ ಸರ್ಕಾರಗಳ ಮೇಲೆ ಬಂತು. ಹೆಬ್ಬಾಳ ಕ್ಷೇತ್ರದಲ್ಲಿ ಎಂಟು ವಾರ್ಡುಗಳಿದ್ದವು, ಎಂಟು ಜನ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಿದ್ದರು. ಈಗ ಗಂಗಾನಗರದ ಚರಂಡಿಯಿಂದ ಸಂಜಯನಗರದ ಫುಟ್‌ಪಾತಿನವರೆಗೆ ಒಬ್ಬರೇ ಶಾಸಕರ ಮರ್ಜಿ. ಅವರು ಒಳ್ಳೆಯವರಾಗಿದ್ದರೆ ನಮ್ಮ ಪುಣ್ಯ. ಶಾಸನ ಮಾಡಲೆಂದು ಆರಿಸಿ ಕಳಿಸಿದವರನ್ನು ಮೋರಿಯ ಗುತ್ತಿಗೆ ನಿರ್ಧರಿಸುವವರನ್ನಾಗಿ ಮಾಡಿದ್ದೇವೆ, ಅವರಿಗೂ ಆ ಕೆಲಸ ಬಹಳ ಇಷ್ಟವಾಗಿದೆ. ಪಾಲಿಕೆ ಚುನಾವಣೆಗೆ ನಿಜವಾದ ವಿರೋಧಿಗಳು ಯಾರೆಂದು ಬೇರೆ ಹುಡುಕಬೇಕಾಗಿಲ್ಲ.

ಇಲ್ಲಿ ಭ್ರಷ್ಟಾಚಾರದ ಮಾತು ಬಂದೇ ಬರುತ್ತದೆ, ಬರಲಿ. ಕೌನ್ಸಿಲ್ ಕಾಲ ಸತ್ಯಯುಗವಾಗಿರಲಿಲ್ಲ. ಮಲ್ಲೇಶ್ವರ, ಗಾಂಧಿನಗರ, ರಾಜರಾಜೇಶ್ವರಿನಗರ ವಿಭಾಗಗಳಲ್ಲಿ ನಕಲಿ ಬಿಲ್ಲುಗಳ ಹಗರಣ 2011ರಲ್ಲಿ ಬಯಲಿಗೆ ಬಂದಾಗ ಕೌನ್ಸಿಲ್ ಇತ್ತು. ಪಾಲಿಕೆಯ ಕಟ್ಟಡಗಳನ್ನು ಅಡವಿಟ್ಟು ಸಾಲ ತಂದದ್ದೂ ಅದೇ ಅವಧಿ. ಇವನ್ನು ಮುಚ್ಚಿಟ್ಟು ವಾದಿಸಲು ಬರುವುದಿಲ್ಲ. ಆದರೆ ಬಿಲ್ಲು ಪಾಸಾಗುವ ಬಗೆ ತಿಳಿದವರಿಗೆ ಒಂದು ಸಂಗತಿ ಗೊತ್ತು: ಆಗದ ಕಾಮಗಾರಿ ಆಗಿದೆ ಎಂದು ಅಳತೆ ಪುಸ್ತಕದಲ್ಲಿ ಬರೆಯುವ ಅಧಿಕಾರ ಕಾರ್ಪೊರೇಟರಿಗಿಲ್ಲ, ಅದು ಎಂಜಿನಿಯರಿಗಿದೆ. ಕೌನ್ಸಿಲ್ ಹೋದರೂ ಎಂಜಿನಿಯರ್ ಹೋಗಲಿಲ್ಲ, ಗುತ್ತಿಗೆದಾರ ಹೋಗಲಿಲ್ಲ. ರಾಜ್ಯ ಗುತ್ತಿಗೆದಾರರ ಸಂಘ ಶೇಕಡಾ 40ರ ಕಮಿಷನ್ ಬಗ್ಗೆ ಪ್ರಧಾನಿಗೆ ಪತ್ರ ಬರೆದದ್ದು 2021ರಲ್ಲಿ. ಆಗ ಬೆಂಗಳೂರಿನಲ್ಲಿ ಒಬ್ಬ ಕಾರ್ಪೊರೇಟರೂ ಅಧಿಕಾರದಲ್ಲಿರಲಿಲ್ಲ. ಮುಂದೆ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ತನಿಖೆಗೆ ಎತ್ತಿಕೊಂಡ ಪಾಲಿಕೆ ಕಾಮಗಾರಿಗಳ ಕಾಲದಲ್ಲಿ ಬಹುಪಾಲು ಆಡಳಿತಾಧಿಕಾರಿಗಳ ಅವಧಿಗೆ ಸೇರಿದ್ದು. 2022ರ ನವೆಂಬರಿನಲ್ಲಿ ಚಿಲುಮೆ ಸಂಸ್ಥೆ ಮತದಾರರ ಮಾಹಿತಿ ಕಲೆಹಾಕಿದ ಪ್ರಕರಣ ಹೊರಬಂದಾಗ ಅದಕ್ಕೆ ಅನುಮತಿ ಹೋಗಿದ್ದುದು ಪಾಲಿಕೆಯಿಂದಲೇ, ಹಿರಿಯ ಅಧಿಕಾರಿಗಳು ಅಮಾನತಾದದ್ದೂ ಆಯಿತು. ಕಾರ್ಪೊರೇಟರುಗಳನ್ನು ಕಳೆದರೆ ಭ್ರಷ್ಟಾಚಾರ ಕಳೆಯುತ್ತದೆ ಎಂಬ ಲೆಕ್ಕ ತಪ್ಪು ಎನ್ನಲು ಇಷ್ಟು ಸಾಕು. ಕಳೆದುಹೋದದ್ದು ಅದನ್ನು ಬಯಲಿಗೆಳೆಯುವ ಸ್ವಾರ್ಥ ಇದ್ದ ವಿರೋಧಿ ಸದಸ್ಯ. ಅವನು ಸಜ್ಜನನಾಗಿರಬೇಕೆಂದೇನೂ ಇಲ್ಲ, ಎದುರಾಳಿಯ ಮೇಲೆ ಹೊಟ್ಟೆಕಿಚ್ಚಿದ್ದರೂ ಸಾಕಾಗುತ್ತಿತ್ತು.

ಎರಡನೆಯ ವಾದ ಪರಿಣತಿಯದು, ಇದು ಹೆಚ್ಚು ಗೌರವಕ್ಕೆ ಅರ್ಹ. ಮಹಾನಗರ ನಡೆಸುವುದು ತಾಂತ್ರಿಕ ಕೆಲಸ, ಬಲ್ಲವರು ಮಾಡಲಿ ಎನ್ನುವವರು ಹೆಬ್ಬಾಳದ ಕಡೆ ನೋಡಬೇಕು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೊರಟಿತು. ಅಂದಾಜು 1,791 ಕೋಟಿ ರೂಪಾಯಿ, ಎಂಟುನೂರಕ್ಕೂ ಹೆಚ್ಚು ಮರಗಳಿಗೆ ಕೊಡಲಿ. ಆಗ ಪಾಲಿಕೆಯಲ್ಲಿ ಕೌನ್ಸಿಲ್ ಇತ್ತಾದರೂ ಯೋಜನೆ ಅದರ ಕೈಯಲ್ಲಿರಲಿಲ್ಲ; ತಜ್ಞರ ಪ್ರಾಧಿಕಾರದ ಕೈಯಲ್ಲಿತ್ತು. ಜನ ಅಕ್ಟೋಬರಿನಲ್ಲಿ ಬಳ್ಳಾರಿ ರಸ್ತೆಯ ಉದ್ದಕ್ಕೂ ಮಾನವ ಸರಪಳಿ ಕಟ್ಟಿ ನಿಂತರು, ಮರುವರ್ಷದ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆಮೇಲೆ ಬಂದದ್ದು ಹೆಬ್ಬಾಳದ ಎಸ್ಟೀಮ್ ಮಾಲ್ ಬಳಿಯಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ. ಅದರ ಅಂದಾಜು ವೆಚ್ಚ ಮೊದಲು ಹನ್ನೆರಡೂವರೆ ಸಾವಿರ ಕೋಟಿಯ ಆಸುಪಾಸಿನಲ್ಲಿದ್ದದ್ದು 2025ರಲ್ಲಿ 17,698 ಕೋಟಿಗೆ ಏರಿತು. 2024-25ರಲ್ಲಿ ಇಡೀ ಬಿಬಿಎಂಪಿಯ ಬಜೆಟ್ ಹನ್ನೆರಡು ಸಾವಿರ ಕೋಟಿ ಚಿಲ್ಲರೆ. ಊರಿನ ಒಂದು ವರ್ಷದ ಬಜೆಟ್ಟನ್ನೂ ಮೀರಿದ ಯೋಜನೆಯ ಬಗ್ಗೆ ಊರಿನ ಚುನಾಯಿತ ಸಭೆಯೊಂದು ಒಂದು ಗಂಟೆಯೂ ಚರ್ಚಿಸಲಿಲ್ಲ, ಏಕೆಂದರೆ ಅಂಥ ಸಭೆಯೇ ಇರಲಿಲ್ಲ. ವಿಸ್ತೃತ ಯೋಜನಾ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕಿನ ಹೆಸರುಗಳು ಉಳಿದುಕೊಂಡಿದ್ದವೆಂದು ಪತ್ರಿಕೆಗಳು ಬರೆದವು. ಸುರಂಗ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ನೂರಾರು ಕಣ್ಣುಗಳ ಮುಂದೆ ಹಾದುಹೋಗುವ ಕಡತದಲ್ಲಿ ಮಾಲೆಗಾಂವ್ ಅಷ್ಟು ಸುಲಭವಾಗಿ ಉಳಿಯುವುದಿಲ್ಲ ಎಂಬುದಷ್ಟೇ ನನ್ನ ಮಾತು. ಸುರಂಗ ಕೊರೆಯುವುದು ಹೇಗೆಂಬುದು ಎಂಜಿನಿಯರಿಂಗ್. ಇಷ್ಟು ಹಣದಲ್ಲಿ ಕಾರಿನವರಿಗೆ ಸುರಂಗವೋ, ಯಶವಂತಪುರದ ಮಾರುಕಟ್ಟೆಗೆ ಬೆಳಗಿನ ಜಾವ ಬರುವ ಹಮಾಲಿಗೆ ಬಸ್ಸೋ ಎಂಬುದು ಎಂಜಿನಿಯರಿಂಗ್ ಅಲ್ಲ. ಅದಕ್ಕೆ ಪದವಿ ಕೊಡುವ ಕಾಲೇಜೂ ಇಲ್ಲ.

ದಕ್ಷತೆಯ ಪಟ್ಟಿಯಲ್ಲಿ ಆಡಳಿತಾಧಿಕಾರಿಗಳ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಆಸ್ತಿ ತೆರಿಗೆ ಸಂಗ್ರಹ ಏರಿತು, 2024-25ರಲ್ಲಿ 4,900 ಕೋಟಿ ರೂಪಾಯಿ ದಾಟಿತು. ಖಾತೆಗಳು ಡಿಜಿಟಲ್ ಆದವು. ಇ-ಖಾತಾ ಪಡೆಯಲು ಜನ ಪಟ್ಟ ಪಾಡು ಎಷ್ಟಿದ್ದರೂ ಆ ಕೆಲಸ ಆಗಬೇಕಾದದ್ದೇ. ಆದರೆ ತೆರಿಗೆ ಎತ್ತುವುದರಲ್ಲಿ ತೋರಿದ ಚುರುಕು ತೆರಿಗೆ ಕೊಟ್ಟವನ ಮಾತು ಕೇಳುವುದರಲ್ಲಿ ಕಾಣಲಿಲ್ಲ. ಕೋವಿಡ್ ಎರಡನೇ ಅಲೆ ಬಂದಾಗ ಯಾವ ಬೀದಿಯಲ್ಲಿ ಯಾರ ಮನೆಯಲ್ಲಿ ಉಸಿರಾಟದ ತೊಂದರೆ ಎಂದು ತಿಳಿಯಲು ಪಾಲಿಕೆ ವಾರ್ಡುಮಟ್ಟದಲ್ಲಿ ಸಮಿತಿಗಳನ್ನು ಅವಸರದಲ್ಲಿ ಕಟ್ಟಬೇಕಾಯಿತು. ಅಷ್ಟು ಹೊತ್ತಿಗೆ ವಾರ್ಡನ್ನು ಬಲ್ಲ 198 ಜನರನ್ನು ಮನೆಗೆ ಕಳಿಸಿ ಏಳೆಂಟು ತಿಂಗಳಾಗಿತ್ತು. ಯಲಹಂಕದ ಕೇಂದ್ರೀಯ ವಿಹಾರ ಇನ್ನೊಂದು ಸಾಕ್ಷಿ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಹರಿದಾಗ ಆ ವಸತಿ ಸಮುಚ್ಚಯದೊಳಗೆ ದೋಣಿ ಬಿಡಬೇಕಾಯಿತು. ಕೆರೆಯಿಂದ ಹೊರಡುವ ರಾಜಕಾಲುವೆ ಸಾಲದು ಎಂಬುದು ಆಗಲೇ ಎಲ್ಲರಿಗೂ ತಿಳಿದಿತ್ತು. 2024ರ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಮತ್ತೆ ದೋಣಿ. ನಡುವಿನ ಮೂರು ವರ್ಷ ಪೂರ್ತಿ ಅಧಿಕಾರಿಗಳ ಆಡಳಿತ. ಕೌನ್ಸಿಲಿನ ಗದ್ದಲ ಅಡ್ಡಬಂತು ಎನ್ನಲು ಕೌನ್ಸಿಲ್ ಇಲ್ಲ, ಕಾರ್ಪೊರೇಟರ್ ಒತ್ತುವರಿದಾರನ ಬೆನ್ನಿಗೆ ನಿಂತ ಎನ್ನಲು ಕಾರ್ಪೊರೇಟರ್ ಇಲ್ಲ. ಕಾರ್ಪೊರೇಟರ್ ಇದ್ದಿದ್ದರೆ ನೀರು ನುಗ್ಗುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಎರಡನೆಯ ಸಲ ದೋಣಿ ಬಂದ ಮೇಲೆ ಯಾರೋ ಒಬ್ಬರು ಚುನಾವಣೆ ಸೋಲುತ್ತಿದ್ದರು.

ಈ ಹಂತದಲ್ಲಿ ಸಾಮಾನ್ಯವಾಗಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಬರುತ್ತದೆ. ಪಕ್ಷವಿಲ್ಲದ ಎಂಜಿನಿಯರೊಬ್ಬರು 1912ರಿಂದ 1918ರವರೆಗೆ ದಿವಾನರಾಗಿ ಮೈಸೂರು ಸಂಸ್ಥಾನವನ್ನು ಎತ್ತಿ ನಿಲ್ಲಿಸಲಿಲ್ಲವೇ? ನಿಲ್ಲಿಸಿದರು, ಆ ಸಾಧನೆಯನ್ನು ಯಾರೂ ಅಲ್ಲಗಳೆಯಲಾಗದು. ಮೈಸೂರು ಬ್ಯಾಂಕು 1913ರಲ್ಲಿ, ವಿಶ್ವವಿದ್ಯಾನಿಲಯ 1916ರಲ್ಲಿ, ನಡುವೆ ಕನ್ನಡ ಸಾಹಿತ್ಯ ಪರಿಷತ್ತು. ಆದರೆ ಅವರನ್ನು ಈ ವಾದಕ್ಕೆ ಸಾಕ್ಷಿಗೆ ಕರೆಯುವವರು ಎರಡು ಸಂಗತಿ ಬಿಟ್ಟುಬಿಡುತ್ತಾರೆ. ಸಭೆಗಳನ್ನು ಮುಚ್ಚಿಸುವ ಕೆಲಸ ಅವರು ಮಾಡಲಿಲ್ಲ, ದೊಡ್ಡದು ಮಾಡಿದರು. ಅವರ ಕಾಲದಲ್ಲೇ ನ್ಯಾಯವಿಧಾಯಕ ಸಭೆಯ ಸದಸ್ಯರ ಸಂಖ್ಯೆ ಹೆಚ್ಚಿ, ಆಯವ್ಯಯವನ್ನು ಚರ್ಚಿಸುವ ಹಕ್ಕು ಅದಕ್ಕೆ ಬಂತು. ಮಹಾರಾಜರಿದ್ದ ಕಾಲದಲ್ಲಿ ದಿವಾನರು ಸಭೆಗೆ ಬಜೆಟ್ ತೋರಿಸಿದರು, ಪ್ರಜಾಪ್ರಭುತ್ವದಲ್ಲಿ ನಾವು ಅದನ್ನು ಅರ್ಧರಾತ್ರಿ ಅಂತರ್ಜಾಲಕ್ಕೆ ಏರಿಸಿದೆವು. ಎರಡನೆಯದು ಇನ್ನೂ ಮುಖ್ಯ. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗಬೇಕೆಂಬ ಬೇಡಿಕೆ ಎದ್ದು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದಾಗ, ವಿಶ್ವೇಶ್ವರಯ್ಯನವರಿಗೆ ಅದು ಸಮ್ಮತವಾಗಲಿಲ್ಲ. ಅರ್ಹತೆಯೊಂದೇ ಅಳತೆಗೋಲು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ತಾವು ರಾಜಕೀಯದವರಲ್ಲ ಎಂದುಕೊಂಡಿದ್ದ ಮಹಾನ್ ತಂತ್ರಜ್ಞರು ಸಂಸ್ಥಾನದ ಅತ್ಯಂತ ದೊಡ್ಡ ರಾಜಕೀಯ ಪ್ರಶ್ನೆಯಲ್ಲಿ ಒಂದು ಪಕ್ಷವಾಗಿದ್ದರು. ಯಾರಿಗೆ ಎಷ್ಟು ಪಾಲು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಯಾವುದೋ ಒಂದು ಕಡೆ ನಿಲ್ಲಲೇಬೇಕು. ಬೆಂಗಳೂರು ಪಾಲಿಕೆಗೆ ಬಂದರೆ, 2015ರ ಕೌನ್ಸಿಲಿನಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು, ಹಿಂದುಳಿದ ವರ್ಗ ಹಾಗೂ ಪರಿಶಿಷ್ಟರಿಗೆ ಅವರ ಪಾಲಿತ್ತು. ಆ ಹೆಂಗಸರಲ್ಲಿ ಕೆಲವರ ಹೆಸರಿನಲ್ಲಿ ಗಂಡಂದಿರು ಅಧಿಕಾರ ನಡೆಸಿದರು ಎಂಬುದು ನಿಜ. ಹಾಗೆಂದು ಆ ನೂರು ಕುರ್ಚಿಗಳನ್ನು ಒಮ್ಮೆಲೇ ಎತ್ತಿಟ್ಟು, ಜಾಗಕ್ಕೆ ಒಬ್ಬ ಹಿರಿಯ ಅಧಿಕಾರಿಯನ್ನು ಕೂರಿಸುವುದು ಸಾಮಾಜಿಕವಾಗಿ ಯಾರ ಕಡೆಗೂ ವಾಲದ ಕ್ರಮವಲ್ಲ.

ಇದೇ ನಗರದಲ್ಲಿ ತಂತ್ರಜ್ಞರ ಪ್ರಯೋಗವೊಂದು ಯಶಸ್ಸು ಕಂಡದ್ದೂ ಉಂಟು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ 1999ರಲ್ಲಿ ನಂದನ್ ನಿಲೇಕಣಿ ಅವರ ನೇತೃತ್ವದಲ್ಲಿ ಬೆಂಗಳೂರು ಕಾರ್ಯಸೂಚಿ ಕಾರ್ಯಪಡೆ ರಚನೆಯಾಯಿತು. ಪಾಲಿಕೆಯ ಲೆಕ್ಕಪತ್ರ ಪದ್ಧತಿ ಸುಧಾರಿಸಿತು; ಮನೆಯವರೇ ತಮ್ಮ ತೆರಿಗೆ ಲೆಕ್ಕ ಹಾಕಿ ಕಟ್ಟುವ ಸ್ವಯಂಘೋಷಿತ ಆಸ್ತಿ ತೆರಿಗೆ 2000ದಲ್ಲಿ ಬಂದದ್ದು ಅದೇ ಕಾಲದಲ್ಲಿ. ಆ ಹೊತ್ತಿಗೆ ಪಾಲಿಕೆಯಲ್ಲಿ ಚುನಾಯಿತ ಕೌನ್ಸಿಲ್ ಇತ್ತು ಎಂಬುದನ್ನು ಮರೆಯುತ್ತೇವೆ. ಈ ಊರಿನ ಪಾಲಿಕೆ ಕಂಡ ಅತ್ಯಂತ ಹೆಸರುವಾಸಿ ತಾಂತ್ರಿಕ ಸುಧಾರಣೆ ಆಡಳಿತಾಧಿಕಾರಿಯ ಏಕಾಂತದಲ್ಲಿ ಆಗಲಿಲ್ಲ. ಕಾರ್ಯಪಡೆಯ ದೌರ್ಬಲ್ಯವೂ ಅಲ್ಲೇ ಇತ್ತು: ಅದು ಮುಖ್ಯಮಂತ್ರಿಯ ಭರವಸೆಯ ಮೇಲೆ ನಿಂತಿತ್ತು, 2004ರಲ್ಲಿ ಆ ಮುಖ್ಯಮಂತ್ರಿ ಅಧಿಕಾರದಿಂದ ಇಳಿದ ಕೂಡಲೇ ಅದರ ಕಥೆಯೂ ಮುಗಿಯಿತು. ಸ್ವಯಂಘೋಷಿತ ತೆರಿಗೆ ಮಾತ್ರ ಉಳಿಯಿತು.

ಹೊರಗಿನ ಉದಾಹರಣೆಗಳನ್ನು ಹುಡುಕುವವರು ಇಟಲಿಯ ಮಾರಿಯೋ ಮೊಂಟಿ ಕಡೆ ನೋಡುವುದುಂಟು. ಅರ್ಥಶಾಸ್ತ್ರಜ್ಞರಾದ ಅವರು 2011ರಲ್ಲಿ ಪ್ರಧಾನಿಯಾದಾಗ ಯುರೋಪು ನಿಟ್ಟುಸಿರು ಬಿಟ್ಟಿತು. 2013ರಲ್ಲಿ ಅವರೇ ಜನರ ಮುಂದೆ ಹೋದಾಗ ಸಿಕ್ಕ ಮತ ಶೇಕಡಾ ಹತ್ತರ ಸುತ್ತ. ನಮಗೆ ಹತ್ತಿರದ ಪಾಠ ನೆರೆಯ ಎರಡು ದೇಶಗಳದು. ಪಾಕಿಸ್ತಾನದಲ್ಲಿ 1993ರ ಜುಲೈನಲ್ಲಿ ಹಂಗಾಮಿ ಪ್ರಧಾನಿಯಾದ ಮೊಯೀನ್ ಖುರೇಷಿ, ವಿಶ್ವಬ್ಯಾಂಕಿನಲ್ಲಿ ಹಿರಿಯ ಹುದ್ದೆ ನೋಡಿದವರು, ಮೂರು ತಿಂಗಳಲ್ಲಿ ಸಾಲಗಳ್ಳರ, ತೆರಿಗೆಗಳ್ಳರ ಪಟ್ಟಿ ಪ್ರಕಟಿಸಿ, ಚುನಾವಣೆ ನಡೆಸಿ ಹೊರಟುಹೋದರು. ಬಾಂಗ್ಲಾದೇಶದ ಸಂವಿಧಾನ ಪಕ್ಷಾತೀತ ಉಸ್ತುವಾರಿ ಸರ್ಕಾರಕ್ಕೆ ಇಟ್ಟಿದ್ದ ಗಡುವು 90 ದಿನ. 2007ರ ಜನವರಿಯಲ್ಲಿ ಬಂದ ಫಖ್ರುದ್ದೀನ್ ಅಹಮದ್, ಕೇಂದ್ರ ಬ್ಯಾಂಕಿನ ಮಾಜಿ ಗವರ್ನರ್, ಸೇನೆಯ ಬೆಂಬಲದಿಂದ ಎರಡು ವರ್ಷ ಕೂತರು. ಆ ದೇಶದ ಆಳುವ ಪಕ್ಷ ಮುಂದೆ ಆ ವ್ಯವಸ್ಥೆಯನ್ನೇ ಕಿತ್ತೊಗೆಯಲು ಅದೂ ಒಂದು ಕಾರಣವಾಯಿತು. ಇಬ್ಬರ ಅರ್ಹತೆಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಒಬ್ಬರು ಹೊತ್ತಿಗೆ ಎದ್ದರು, ಇನ್ನೊಬ್ಬರನ್ನು ಏಳಲು ಬಿಡಲಿಲ್ಲ. ಬೆಂಗಳೂರಿನ ಆಡಳಿತಾಧಿಕಾರಿಗಳು ಎರಡನೆಯ ಗುಂಪಿಗೆ ಸೇರುತ್ತಾರೆ, ಅದಕ್ಕೆ ಸೇನೆಯೂ ಬೇಕಾಗಲಿಲ್ಲ.

ಜನರಿಗೇ ಪಾಲಿಕೆ ಚುನಾವಣೆ ಬೇಡ, 2010ರಲ್ಲೂ 2015ರಲ್ಲೂ ಅರ್ಧದಷ್ಟು ಮತದಾರರೂ ಬರಲಿಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ಅಂಕಿ ಸರಿಯಾಗಿದೆ. ಆದರೆ ಮತ ಹಾಕಲು ಹೋಗದವರು ಯಾರು ಎಂದು ಕೇಳಿಕೊಳ್ಳಬೇಕು. ನೀರು, ಕಸ, ಭದ್ರತೆ ಎಲ್ಲವನ್ನೂ ಸಂಘದ ಶುಲ್ಕದಲ್ಲಿ ಕೊಂಡುಕೊಳ್ಳಬಲ್ಲ ಆವರಣದವರಿಗೆ ಕಾರ್ಪೊರೇಟರ್ ಬೇಕಾಗುವುದು ಕಡಿಮೆ. ಜನನ ಪತ್ರಕ್ಕೆ, ಟ್ಯಾಂಕರಿಗೆ, ಬೀದಿದೀಪಕ್ಕೆ, ಮಗುವಿನ ಶಾಲೆಯ ಶಿಫಾರಸಿಗೆ ಬೆಳಿಗ್ಗೆ ಆರಕ್ಕೇ ಕಾರ್ಪೊರೇಟರ್ ಮನೆಯ ಗೇಟಿನ ಮುಂದೆ ನಿಲ್ಲುವವರು ಬೇರೆ ಜನ, ಮತಗಟ್ಟೆಯ ಸಾಲಿನಲ್ಲಿ ನಿಲ್ಲುವವರೂ ಅವರೇ. ಆಡಳಿತಾಧಿಕಾರಿಯ ಮನೆಯ ಗೇಟಿನ ಮುಂದೆ ಅವರು ನಿಲ್ಲಲು ಆಗದು. ಅವರಿಗೆ ಬೇಕಾದದ್ದನ್ನು ಬೇಡದವರು ತಮ್ಮ ಬೇಸರದ ಆಧಾರದ ಮೇಲೆ ರದ್ದುಮಾಡುತ್ತಿದ್ದಾರೆ. ಮೇಯರ್ ಹುದ್ದೆ ವರ್ಷಕ್ಕೊಬ್ಬರಂತೆ ಬದಲಾಗಿ ಗೊಂಬೆಯಾಗಿತ್ತು ಎಂಬ ದೂರಿಗೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ಅದಕ್ಕೆ ಮದ್ದು ಹೊಸ ಕಾನೂನಿನಲ್ಲೇ ಇದೆ, ಮೇಯರ್ ಅವಧಿಯನ್ನು ಮೂವತ್ತು ತಿಂಗಳಿಗೆ ಏರಿಸಲಾಗಿದೆ. ಜೊತೆಗೆ ಅದೇ ಕಾನೂನು ಎಲ್ಲ ಪಾಲಿಕೆಗಳ ತಲೆಯ ಮೇಲೆ ಮುಖ್ಯಮಂತ್ರಿಯನ್ನು ಅಧ್ಯಕ್ಷರಾಗಿ ಉಳ್ಳ ಪ್ರಾಧಿಕಾರವೊಂದನ್ನು ಕೂರಿಸಿದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ವಿಧಾನಸೌಧದ ಹಳೆಯ ಚಾಳಿ.

ಆಡಳಿತಾಧಿಕಾರಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಪ್ರವಾಹ, ಸಾಂಕ್ರಾಮಿಕ, ಕೌನ್ಸಿಲ್ ವಿಸರ್ಜನೆ ಇಂಥ ಹೊತ್ತಿನಲ್ಲಿ ಯಾರಾದರೂ ಕೀಲಿಕೈ ಇಟ್ಟುಕೊಂಡಿರಬೇಕು. ಆದರೆ ಆರು ತಿಂಗಳಾದ ಮರುದಿನ ಅವರ ಸಹಿಗೆ ಬೆಲೆಯಿಲ್ಲ ಎಂದು ಕಾನೂನಿನಲ್ಲೇ ಬರೆಯಬೇಕು. ಆಗ ಚುನಾವಣೆ ನಡೆಸುವ ಅವಸರ ಸರ್ಕಾರಕ್ಕೇ ಹುಟ್ಟುತ್ತದೆ. ನಗರಾಭಿವೃದ್ಧಿ ಇಲಾಖೆಯ ಕಾರ್ಯದರ್ಶಿ ಆ ಹುದ್ದೆಯಲ್ಲಿ ಕೂರುವಂತಿರಬಾರದು. ದಿನನಿತ್ಯದ ಸಂಬಳ, ದುರಸ್ತಿ, ಕಸ ವಿಲೇವಾರಿಯನ್ನು ಮೀರಿದ ಯಾವ ಹೊಸ ಹೊಣೆಯನ್ನೂ, ಅದರಲ್ಲೂ ಮುಂದಿನ ಹತ್ತಾರು ವರ್ಷ ಊರನ್ನು ಕಟ್ಟಿಹಾಕುವ ಒಪ್ಪಂದವನ್ನು, ಅವರು ಕೌನ್ಸಿಲ್ ಹೆಸರಿನಲ್ಲಿ ಮಾಡಕೂಡದು. ಆಗಿಹೋದದ್ದಕ್ಕೆ ಬಂದರೆ, 2020ರ ಸೆಪ್ಟೆಂಬರ್ 10ರ ನಂತರ ಕೌನ್ಸಿಲ್ ಹೆಸರಿನಲ್ಲಿ ಒಂದೇ ಸಹಿಯಿಂದ ಅಂಗೀಕಾರವಾದ ನಿರ್ಣಯಗಳೆಲ್ಲ ಐದೂ ಪಾಲಿಕೆಗಳ ಚುನಾಯಿತ ಸದಸ್ಯರ ಮುಂದೆ ದಾಖಲೆಯಾಗಿ ಬರಬೇಕು, ಒಂದೊಂದರ ಮೇಲೂ ಪ್ರಶ್ನೆ ಕೇಳುವ ಅವಕಾಶ ಅವರಿಗಿರಬೇಕು. ಉತ್ತರ ಪಾಲಿಕೆಯವರು ಹೆಬ್ಬಾಳದ ಸುರಂಗದ ಕಡತದಿಂದ ಶುರುಮಾಡಬಹುದು, ಆಮೇಲೆ ಯಲಹಂಕದ ರಾಜಕಾಲುವೆಯದು.